ವಾಯಿದೆಯ ದಿನ ಕೈದಿ ಬಾರದಿದ್ದರೆ

ವಿದ್ಯಾರ್ಥಿ ಮಿತ್ರರೇ, ಕರ್ತೃ, ಕರ್ಮ, ಕ್ರಿಯಾಪದಗಳ ಪಾಠ ನಿಮಗೆ ಶಾಲೆಯಲ್ಲಿ ಆಗಿದೆ. ಈಗ ಈ ಪುಟ್ಟ ವಾಕ್ಯವನ್ನು ನೋಡಿ: "ಆರೋಪಿಯನ್ನು ಹಾಜರುಪಡಿಸಿಲ್ಲ." ಇಲ್ಲಿ ಕರ್ಮಪದ ಇದೆ, ಕ್ರಿಯಾಪದ ಇದೆ. ಕರ್ತೃ ಎಲ್ಲಿ? ಯಾರು ಹಾಜರುಪಡಿಸಲಿಲ್ಲ? ವಾಕ್ಯ ಅದನ್ನು ಹೇಳುವುದಿಲ್ಲ. ಮೊಕದ್ದಮೆಯ ಕಡತದಲ್ಲಿ ಇಂಥ ಒಂದು ಸಾಲು ಬಿದ್ದಿತೆಂದರೆ ಮುಂದಿನ ವಾಯಿದೆ ಗೊತ್ತಾಗುತ್ತದೆ. ಸಾಕ್ಷಿ ಹೇಳಲು ಕೂಲಿ ಬಿಟ್ಟು ಬಂದವರು ಬಸ್ಸು ಹಿಡಿದು ಊರಿಗೆ ಮರಳುತ್ತಾರೆ. ಜೈಲಿನಲ್ಲಿರುವವನು ಇನ್ನೂ ಎರಡು ವಾರ ಅಲ್ಲೇ ಇರುತ್ತಾನೆ. ಅವನ ಮೇಲಿನ ಆರೋಪ ಇನ್ನೂ ರುಜುವಾತಾಗಿಲ್ಲ ಎಂಬುದನ್ನು ಮರೆಯಬೇಡಿ. ಕಾನೂನಿನ ಕಣ್ಣಿಗೆ ಅವನು ಇನ್ನೂ ನಿರ್ದೋಷಿ.

ಆ ವಾಕ್ಯದಲ್ಲಿ ಕಾಣದಿರುವ ಕರ್ತೃವನ್ನು ಹುಡುಕುವುದೇ ಈ ಲೇಖನದ ಕೆಲಸ. ಹುಡುಕಾಟಕ್ಕೆ ನೂರು ವರ್ಷಕ್ಕೂ ಮೀರಿದ ಚರಿತ್ರೆಯಿದೆ. ಅದರ ಅತ್ಯಂತ ಕಹಿಯಾದ ಅಧ್ಯಾಯಕ್ಕೂ ನಮ್ಮ ಬಳ್ಳಾರಿಗೂ ಸಂಬಂಧವಿದೆ.

ಮೊದಲು ನಕ್ಷೆಯನ್ನು ಮುಂದಿಟ್ಟುಕೊಳ್ಳಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ: ಈ ಐದೂ ಹೊಸಪೇಟೆಯ ಜೊತೆಗೂಡಿ 2021ರಲ್ಲಿ ವಿಜಯನಗರ ಜಿಲ್ಲೆಯಾದವು. ಅದಕ್ಕೂ ಹಿಂದೆ ಈ ಸೀಮೆಯ ಕೇಂದ್ರ ಬಳ್ಳಾರಿ. 1800ರಲ್ಲಿ ಹೈದರಾಬಾದಿನ ನಿಜಾಮ ಈ ಪ್ರಾಂತ್ಯವನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಅಂದಿನಿಂದ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೂ ಇಲ್ಲಿನ ಜನ ಮದರಾಸಿನ ಆಡಳಿತದಲ್ಲಿದ್ದರು. ಆ ಕಾಲದಲ್ಲಿ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳು ತಾಲ್ಲೂಕುಗಳಾಗಿದ್ದವು. ಕೊಟ್ಟೂರು ಕೂಡ್ಲಿಗಿ ತಾಲ್ಲೂಕಿಗೆ ಸೇರಿದ ಒಂದು ವ್ಯಾಪಾರದ ಊರು. ಹಗರಿಬೊಮ್ಮನಹಳ್ಳಿ ಇನ್ನೂ ತಾಲ್ಲೂಕು ಕೇಂದ್ರವಾಗಿರಲಿಲ್ಲ. ಹರಪನಹಳ್ಳಿಯ ಕಥೆ ಇನ್ನೂ ಸ್ವಾರಸ್ಯಕರ. ಅದು 1997ರಲ್ಲಿ ಹೊಸದಾಗಿ ಹುಟ್ಟಿದ ದಾವಣಗೆರೆ ಜಿಲ್ಲೆಗೆ ಹೋಯಿತು, ಎರಡು ದಶಕಗಳ ನಂತರ ಬಳ್ಳಾರಿಗೆ ಮರಳಿತು, ಕೊನೆಗೆ ವಿಜಯನಗರಕ್ಕೆ ಸೇರಿತು. ಊರು ಇದ್ದಲ್ಲಿಯೇ ಇದೆ. ಜನ ಸರ್ಕಾರಿ ಕೆಲಸಕ್ಕೆ ಹೋಗಬೇಕಾದ ದಿಕ್ಕು ಮಾತ್ರ ಮತ್ತೆ ಮತ್ತೆ ಬದಲಾಯಿತು.

ಹರಪನಹಳ್ಳಿಯಿಂದ ಬಳ್ಳಾರಿಗೆ ನೂರು ಕಿಲೋಮೀಟರಿಗೂ ಹೆಚ್ಚು ದೂರ. ಕಾಲ್ನಡಿಗೆಯಲ್ಲೋ ಎತ್ತಿನ ಗಾಡಿಯಲ್ಲೋ ದಿನಕ್ಕೆ 20–25 ಕಿಲೋಮೀಟರ್ ಸಾಗಬಹುದೆಂದು ಇಟ್ಟುಕೊಳ್ಳಿ. ಲೆಕ್ಕ ನೀವೇ ಹಾಕಿ: ಹೋಗಲು ನಾಲ್ಕೈದು ದಿನ, ಬರಲು ಮತ್ತೆ ಅಷ್ಟೇ. ಸಣ್ಣ ಪ್ರಕರಣಗಳಿಗೆ ಈ ತೊಂದರೆ ಇರಲಿಲ್ಲ. ಮದರಾಸು ಪ್ರಾಂತ್ಯದಲ್ಲಿ ತಹಶೀಲ್ದಾರರಿಗೇ ದಂಡಾಧಿಕಾರಿಯ ಅಧಿಕಾರವೂ ಇತ್ತು. ಸಬ್‌ಜೈಲು ಸಾಮಾನ್ಯವಾಗಿ ತಾಲ್ಲೂಕು ಕಚೇರಿಯ ಆವರಣದಲ್ಲೇ ಇರುತ್ತಿತ್ತು. ಕೈದಿ ಅಂಗಳ ದಾಟಿದರೆ ನ್ಯಾಯಾಲಯ! ಕಂದಾಯ ವಸೂಲಿ ಮಾಡುವವನೇ ನ್ಯಾಯವನ್ನೂ ಹೇಳುವ ಈ ಏರ್ಪಾಡು ಒಳ್ಳೆಯದಾಗಿತ್ತೆಂದು ಯಾರೂ ಹೇಳಲಾರರು. 1855ರಲ್ಲಿ ಮದರಾಸು ಪ್ರಾಂತ್ಯದ ಚಿತ್ರಹಿಂಸೆಯ ದೂರುಗಳನ್ನು ವಿಚಾರಿಸಿದ ಆಯೋಗ ಇದರ ಕೆಡುಕನ್ನು ವಿವರವಾಗಿ ತೋರಿಸಿತು. ದೂರು ಕೊಡಲು ಬಡವರು ನಡೆಯಬೇಕಾದ ದೂರವನ್ನೂ ಅದು ಎತ್ತಿ ಹೇಳಿತು. ಪೊಲೀಸರನ್ನು ಕಂದಾಯ ಇಲಾಖೆಯಿಂದ ಬೇರ್ಪಡಿಸಿದ 1859ರ ಮದರಾಸು ಪೊಲೀಸ್ ಕಾಯಿದೆ ಬಂದದ್ದು ಈ ವರದಿಯ ನಂತರ.

ಕೊಲೆ, ದರೋಡೆಯಂಥ ಗಂಭೀರ ಪ್ರಕರಣವಾದರೆ ಸೆಷನ್ಸ್ ವಿಚಾರಣೆಗೆ ಬಳ್ಳಾರಿಗೇ ಹೋಗಬೇಕು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹೊಸಪೇಟೆಯಿಂದ ಕೊಟ್ಟೂರಿಗೆ ಮೀಟರ್ ಗೇಜ್ ರೈಲು ಬಂತು. ದಿನಗಳ ದಾರಿ ಗಂಟೆಗಳ ದಾರಿಯಾಯಿತು. ಅದರ ಜೊತೆಗೇ ಒಂದು ಹೊಸ ಪ್ರಶ್ನೆಯೂ ಹುಟ್ಟಿತು. ಅಲ್ಲಿಯವರೆಗೆ ಕೈದಿಯ ಪಕ್ಕದಲ್ಲಿ ನಡೆಯುತ್ತಿದ್ದ ಪೇದೆಯೇ ಅವನಿಗೆ ಹೊಣೆ. ಈಗ ಗಾಡಿ ಒಂದು ಕಂಪನಿಯದು, ಕಾವಲು ಪೊಲೀಸರದು, ಕೈದಿ ಸರ್ಕಾರದವನು. ದಾರಿಯಲ್ಲಿ ಏನಾದರೂ ಆದರೆ ಉತ್ತರ ಕೊಡಬೇಕಾದವರು ಯಾರು?

ಈ ಪ್ರಶ್ನೆಗೆ ಸರ್ಕಾರ ಎದುರಾಗಬೇಕಾಗಿ ಬಂದದ್ದು 1921ರಲ್ಲಿ, ದೂರದ ಮಲಬಾರಿನಲ್ಲಿ. ಆ ವರ್ಷ ಅಲ್ಲಿ ದೊಡ್ಡ ಬಂಡಾಯ ಎದ್ದಿತು. ಅದನ್ನು ಹತ್ತಿಕ್ಕಿದ ಸರ್ಕಾರದ ಕೈಗೆ ಸಿಕ್ಕ ಮಾಪಿಳ್ಳೆ ಕೈದಿಗಳಿಗೆ ಮಲಬಾರಿನ ಜೈಲುಗಳು ಸಾಲಲಿಲ್ಲ. ಮಲಬಾರು, ಬಳ್ಳಾರಿ ಎರಡೂ ಒಂದೇ ಮದರಾಸು ಪ್ರಾಂತ್ಯದ ಜಿಲ್ಲೆಗಳಾದ್ದರಿಂದ ಕೈದಿಗಳನ್ನು ಬಳ್ಳಾರಿಯ ಜೈಲಿಗೆ ಕಳಿಸುವುದೆಂದು ಏರ್ಪಾಡಾಯಿತು.

1921ರ ನವೆಂಬರ್ 19ರ ಸಂಜೆ ತಿರೂರ್ ನಿಲ್ದಾಣದಲ್ಲಿ ಸುಮಾರು ನೂರು ಮಂದಿ ಕೈದಿಗಳನ್ನು ಸಾಮಾನು ಸಾಗಿಸುವ ಒಂದೇ ವ್ಯಾಗನ್ನಿನೊಳಗೆ ತುಂಬಿ ಬಾಗಿಲು ಹಾಕಲಾಯಿತು. ಕಾವಲಿನವರು ಬೇರೆ ಡಬ್ಬಿಯಲ್ಲಿದ್ದರು. ರೈಲು ದಾರಿಯ ನಿಲ್ದಾಣಗಳಲ್ಲಿ ನಿಂತಿತು. ಒಳಗಿನ ಕೂಗಾಟ ಹೊರಗೆ ಕೇಳಿತು. ಆದರೂ ಬಾಗಿಲು ತೆರೆಯಲಿಲ್ಲ. ನಡುರಾತ್ರಿಯ ಹೊತ್ತಿಗೆ ಕೊಯಮತ್ತೂರಿನ ಹತ್ತಿರದ ಪೋದನೂರಿನಲ್ಲಿ ಬಾಗಿಲು ತೆರೆದಾಗ ಕಂಡದ್ದು ಹೆಣಗಳ ರಾಶಿ. ಉಸಿರು ಕಟ್ಟಿ 56 ಮಂದಿ ಸತ್ತಿದ್ದರು. ಉಳಿದವರಲ್ಲಿಯೂ ಕೆಲವರು ಆಸ್ಪತ್ರೆಯ ದಾರಿಯಲ್ಲಿ, ಆಸ್ಪತ್ರೆಯಲ್ಲಿ ತೀರಿಕೊಂಡರು. ಒಟ್ಟು ಸಾವಿನ ಲೆಕ್ಕ ಒಂದೊಂದು ಬರಹದಲ್ಲಿ ಒಂದೊಂದು ರೀತಿ ಸಿಗುತ್ತದೆ, 64ರಿಂದ 70ರವರೆಗೆ. ತಿರೂರಿನಲ್ಲಿ ಇಂದಿಗೂ ಅವರ ನೆನಪಿನ ಪುರಭವನವಿದೆ. ಬಳ್ಳಾರಿಗೆಂದು ಹೊರಟು ಬಳ್ಳಾರಿಯನ್ನು ಕಾಣದೇ ಹೋದ ಈ ಜನರನ್ನು ನಮ್ಮ ಪಠ್ಯಪುಸ್ತಕಗಳು ಇನ್ನಷ್ಟು ನೆನೆಯಬೇಕಿತ್ತು ಎಂದು ನನಗೆ ಅನಿಸುತ್ತದೆ.

ಇಲ್ಲಿ ನೀವು ಗಮನಿಸಬೇಕಾದದ್ದು ಆಮೇಲೆ ನಡೆದ ವಿಚಾರಣೆಯನ್ನು. ಮದರಾಸು ಸರ್ಕಾರ ಎ.ಆರ್. ನ್ಯಾಪ್ ಎಂಬ ಅಧಿಕಾರಿಯ ನೇತೃತ್ವದಲ್ಲಿ ಸಮಿತಿಯೊಂದನ್ನು ನೇಮಿಸಿತು. ವ್ಯಾಗನ್ನಿನಲ್ಲಿ ಗಾಳಿಗೆಂದು ಇದ್ದ ತಂತಿಬಲೆಯ ಕಿಂಡಿಗಳು ಬಣ್ಣ ಮತ್ತು ಧೂಳಿನಿಂದ ಮುಚ್ಚಿಹೋಗಿದ್ದವೆಂದು ಸಮಿತಿ ಕಂಡುಕೊಂಡಿತು. ಹಾಗಾದರೆ ತಪ್ಪು ಯಾರದು? ವ್ಯಾಗನ್ ಒದಗಿಸಿದ ರೈಲ್ವೆಯವರದೇ? ಅದು ಕೈದಿಗಳಿಗೆ ತಕ್ಕುದೇ ಎಂದು ನೋಡದ ಪೊಲೀಸರದೇ? ಜನರನ್ನು ಸಾಮಾನಿನ ವ್ಯಾಗನ್ನಿನಲ್ಲಿ ಕಳಿಸಬಹುದೆಂದು ಒಪ್ಪಿದ ಮೇಲಧಿಕಾರಿಗಳದೇ? ಇಂಥ ವ್ಯಾಗನ್ನುಗಳಲ್ಲಿ ಕೈದಿಗಳನ್ನು ಸಾಗಿಸಿದ್ದು ಅದೇ ಮೊದಲೂ ಅಲ್ಲ. ರೈಲ್ವೆಯವರು ಕಾವಲಿನವರತ್ತ ನೋಡಿದರು, ಕಾವಲಿನವರು ರೈಲ್ವೆಯವರತ್ತ ನೋಡಿದರು, ಮೇಲಿನವರು ಕೆಳಗಿನವರತ್ತ ನೋಡಿದರು. ಕೆಳಗಿನ ಹಂತದ ಕೆಲವರ ಮೇಲೆ ಕ್ರಮದ ಮಾತು ಬಂತಾದರೂ ಕೊನೆಗೆ ಯಾರಿಗೂ ಶಿಕ್ಷೆಯಾಗಲಿಲ್ಲ. ಅಷ್ಟು ಸಾವಿಗೆ ಕರ್ತೃವೇ ಸಿಗಲಿಲ್ಲ.

ತಿರೂರಿನವರು ಜೈಲಿಗೆ ಹೊರಟವರು. ನಮ್ಮ ವಿಷಯ ನ್ಯಾಯಾಲಯಕ್ಕೆ ಬರಬೇಕಾದವರದು. ಆದರೆ ಸಾಗಣೆಯ ಸರಪಳಿ ಒಂದೇ. ಜೈಲಿನಿಂದ ನ್ಯಾಯಾಲಯಕ್ಕೆ ಕರೆತರುವ ಹೊಣೆಯನ್ನು ಕಾನೂನು ಹೇಗೆ ಕಟ್ಟಿತೆಂದು ಈಗ ನೋಡೋಣ.

ಬ್ರಿಟಿಷರ 1898ರ ದಂಡ ಪ್ರಕ್ರಿಯಾ ಸಂಹಿತೆಯಲ್ಲೇ ಎರಡು ನಿಯಮಗಳಿದ್ದವು. ಬಂಧಿಸಿದವನನ್ನು 24 ಗಂಟೆಗಿಂತ ಹೆಚ್ಚು ಕಾಲ ಪೊಲೀಸರು ತಾವಾಗಿ ಇಟ್ಟುಕೊಳ್ಳುವಂತಿಲ್ಲ. ವಿಚಾರಣೆ ಮುಂದೂಡಿದರೆ ಒಮ್ಮೆಗೆ 15 ದಿನಕ್ಕಿಂತ ಹೆಚ್ಚು ಅವಧಿಗೆ ದಂಡಾಧಿಕಾರಿ ಬಂಧನಕ್ಕೆ ಒಪ್ಪಿಸುವಂತಿಲ್ಲ. "ಹದಿನೈದು ದಿನಕ್ಕೊಂದು ವಾಯಿದೆ" ಎಂದು ನಮ್ಮ ಹಳ್ಳಿಗಳಲ್ಲಿ ಹೇಳುವ ಮಾತಿನ ಬೇರು ಇಲ್ಲಿದೆ. ಸ್ವತಂತ್ರ ಭಾರತ ಈ 24 ಗಂಟೆಯ ನಿಯಮವನ್ನು ಕಾಯಿದೆಯ ಮಟ್ಟದಿಂದ ಎತ್ತಿ ಸಂವಿಧಾನದಲ್ಲೇ ಇಟ್ಟಿತು. 1949ರ ಸೆಪ್ಟೆಂಬರಿನಲ್ಲಿ ಡಾ. ಅಂಬೇಡ್ಕರ್ ಸಂವಿಧಾನ ಸಭೆಯ ಮುಂದೆ ತಂದ ವಿಧಿಯೇ ಇಂದಿನ 22ನೆಯ ವಿಧಿ. ಅದನ್ನು ಒಮ್ಮೆ ಓದಿ ನೋಡಿ. ಬಂಧಿಸಿದ ಸ್ಥಳದಿಂದ ನ್ಯಾಯಾಲಯಕ್ಕೆ ಪ್ರಯಾಣ ಮಾಡಲು ಬೇಕಾಗುವ ಹೊತ್ತನ್ನು ಬಿಟ್ಟು 24 ಗಂಟೆ ಎಂದು ಅಲ್ಲಿದೆ. ಹಡಗಲಿಯ ಮೂಲೆಯ ಹಳ್ಳಿಯಿಂದ ಬರುವ ಜೀಪಿನ ಹೊತ್ತೂ ನಮ್ಮ ಸಂವಿಧಾನದ ಲೆಕ್ಕದಲ್ಲಿದೆ! ಆದರೆ ಅದು ಬಿಡುವುದು ಬೇಕಾದಷ್ಟು ಹೊತ್ತನ್ನು ಮಾತ್ರ. ಜೀಪಿಗೆ ಡೀಸೆಲ್ ಇಲ್ಲ, ಚಾಲಕ ರಜೆಯಲ್ಲಿದ್ದಾನೆ ಎಂಬ ಹೊತ್ತು ಅದರಲ್ಲಿ ಸೇರಲಾರದು.

1973ರ ಹೊಸ ಸಂಹಿತೆ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ತನಿಖೆಯ ಹಂತದಲ್ಲಿ ಆರೋಪಿಯನ್ನು ತನ್ನ ಮುಂದೆ ಹಾಜರುಪಡಿಸದ ಹೊರತು ದಂಡಾಧಿಕಾರಿ ಬಂಧನವನ್ನು ಮುಂದುವರಿಸಕೂಡದೆಂದು ಅದು ಹೇಳಿತು. ಏಕೆ ಇಷ್ಟು ಹಟ? ಕಾಗದದ ಮೇಲಿನ ಹೆಸರಿಗೆ ಗಾಯ ಕಾಣುವುದಿಲ್ಲ. ಎದುರು ನಿಂತ ಮನುಷ್ಯ ತನ್ನ ಬೆನ್ನು ತೋರಿಸಬಹುದು, ತನಗೆ ವಕೀಲರಿಲ್ಲ ಎನ್ನಬಹುದು, ಬಂಧಿಸಿದ್ದು ನಿನ್ನೆಯಲ್ಲ, ಮೂರು ದಿನದ ಹಿಂದೆ ಎಂದು ಹೇಳಬಹುದು. ಹಾಜರಾತಿ ಎಂಬುದು ಇದಕ್ಕಾಗಿ.

ನಿಯಮ ಮುರಿದರೆ? 1985ರ ಒಂದು ಪ್ರಕರಣ ಇದಕ್ಕೆ ಉತ್ತರ ಕೊಟ್ಟಿತು. ಜಮ್ಮು ಮತ್ತು ಕಾಶ್ಮೀರದ ಶಾಸಕ ಭೀಮ್ ಸಿಂಗ್ ಅಧಿವೇಶನಕ್ಕೆ ಹೊರಟಿದ್ದಾಗ ದಾರಿಯಲ್ಲೇ ಪೊಲೀಸರು ಅವರನ್ನು ಬಂಧಿಸಿದರು. ಅವರನ್ನು ಹಾಜರುಪಡಿಸದೆಯೇ, ಕಚೇರಿಯ ವೇಳೆ ಮುಗಿದ ಮೇಲೆ, ಬಂಧನದ ಆದೇಶಕ್ಕೆ ಸಹಿ ಹಾಕಿಸಿಕೊಂಡರು. ಸುಪ್ರೀಂ ಕೋರ್ಟು ಇದನ್ನು ತೀವ್ರವಾಗಿ ಖಂಡಿಸಿ 50,000 ರೂಪಾಯಿ ಪರಿಹಾರ ಕೊಡಲು ರಾಜ್ಯ ಸರ್ಕಾರಕ್ಕೆ ಆಜ್ಞಾಪಿಸಿತು. ತಪ್ಪು ಮಾಡಿದವರು ಕೆಳಗಿನ ಅಧಿಕಾರಿಗಳೇ ಆಗಿರಲಿ, ದುಡ್ಡು ತೆರಬೇಕಾದದ್ದು ಸರ್ಕಾರ. 1921ರಲ್ಲಿ ಸಿಗದಿದ್ದ ಕರ್ತೃ ಇಲ್ಲಿ ಸಿಕ್ಕಿತು. ಆದರೆ ಭೀಮ್ ಸಿಂಗ್ ಶಾಸಕರು, ಕಾನೂನು ಬಲ್ಲವರು. ಕೂಡ್ಲಿಗಿಯ ಬೆದ್ದಲು ಹೊಲದ ಕೂಲಿಯವನೊಬ್ಬ ವಾಯಿದೆ ತಪ್ಪಿತೆಂದು ದೆಹಲಿಗೆ ಹೋಗಿ ಪರಿಹಾರ ಕೇಳುವುದು ಸಾಧ್ಯವೇ?

ಸಾಧ್ಯವಾದ ಒಂದು ಪ್ರಕರಣ ನಮ್ಮ ರಾಜ್ಯದ್ದೇ. 1980ರ ದಶಕದಲ್ಲಿ ಬೆಂಗಳೂರು ಕೇಂದ್ರ ಕಾರಾಗೃಹದಿಂದ ಕೈದಿಯೊಬ್ಬರು ಭಾರತದ ಮುಖ್ಯ ನ್ಯಾಯಮೂರ್ತಿಗಳಿಗೆ ಒಂದು ಪತ್ರ ಬರೆದರು. ಪತ್ರವನ್ನೇ ಅರ್ಜಿಯೆಂದು ಸ್ವೀಕರಿಸಿದ ಸುಪ್ರೀಂ ಕೋರ್ಟು, ಜೈಲಿನ ಸ್ಥಿತಿಯನ್ನು ನೋಡಿ ವರದಿ ಮಾಡಲು ಬೆಂಗಳೂರಿನ ಜಿಲ್ಲಾ ನ್ಯಾಯಾಧೀಶರಿಗೆ ಹೇಳಿತು. ಇದೇ ರಾಮಮೂರ್ತಿ ಮತ್ತು ಕರ್ನಾಟಕ ರಾಜ್ಯ ಎಂಬ ಪ್ರಸಿದ್ಧ ಪ್ರಕರಣ. 1996ರ ಡಿಸೆಂಬರಿನಲ್ಲಿ ನ್ಯಾಯಮೂರ್ತಿ ಬಿ.ಎಲ್. ಹನ್ಸಾರಿಯಾ ಬರೆದ ತೀರ್ಪು ಭಾರತದ ಜೈಲುಗಳ ಒಂಬತ್ತು ರೋಗಗಳನ್ನು ಹೆಸರಿಸುತ್ತದೆ. ಕಿಕ್ಕಿರಿದ ಜನಸಂಖ್ಯೆ ಮೊದಲನೆಯದು, ವಿಚಾರಣೆಯ ವಿಳಂಬ ಎರಡನೆಯದು.

ಆ ತೀರ್ಪಿನ ನಿರ್ದೇಶನಗಳಲ್ಲಿ ಒಂದು ನಮ್ಮ ವಿಷಯಕ್ಕೆ ನೇರವಾಗಿ ತಾಗುತ್ತದೆ. ವಾಯಿದೆಯ ದಿನ ವಿಚಾರಣಾಧೀನ ಕೈದಿಗಳನ್ನು ನ್ಯಾಯಾಲಯಕ್ಕೆ ಕರೆತರುವ ಕೆಲಸವನ್ನು ಜೈಲಿನ ಸಿಬ್ಬಂದಿಗೇ ವಹಿಸಬಹುದೇ ಎಂದು ಯೋಚಿಸಿ ಎಂದು ನ್ಯಾಯಾಲಯ ಹೇಳಿತು. ಈ ಸಲಹೆಯ ತಿರುಳು ತಿಳಿಯಬೇಕಾದರೆ ನಮ್ಮ ವ್ಯವಸ್ಥೆಯನ್ನು ಅರಿಯಬೇಕು. ಕೈದಿ ಇರುವುದು ಕಾರಾಗೃಹ ಇಲಾಖೆಯ ವಶದಲ್ಲಿ. ಅವನನ್ನು ಕರೆದೊಯ್ಯುವ ವಾಹನ ಮತ್ತು ಬೆಂಗಾವಲು ಪೊಲೀಸ್ ಇಲಾಖೆಯದು. ಜಿಲ್ಲೆಗಳಲ್ಲಿ ಇದು ಜಿಲ್ಲಾ ಸಶಸ್ತ್ರ ಮೀಸಲು ಪಡೆಯ, ಅಂದರೆ ಡಿ.ಎ.ಆರ್.ನ ಕೆಲಸ. ಆದೇಶ ಹೊರಡುವುದು ನ್ಯಾಯಾಲಯದಿಂದ. ಜೈಲಿನವರು "ನಾವು ಸಿದ್ಧ, ಬೆಂಗಾವಲು ಬರಲಿಲ್ಲ" ಎನ್ನಬಹುದು. ಪೊಲೀಸರು "ಬಂದೋಬಸ್ತಿಗೆ ಹೋಗಿದ್ದೇವೆ" ಎನ್ನಬಹುದು. ಎರಡೂ ನಿಜವೇ ಇರಬಹುದು. ಫೆಬ್ರವರಿಯ ಸುಮಾರಿಗೆ ಹಡಗಲಿ ತಾಲ್ಲೂಕಿನ ಮೈಲಾರದ ಕಾರಣಿಕ, ಕೊಟ್ಟೂರಿನ ರಥೋತ್ಸವಗಳಿಗೆ ಜನಸಾಗರ ಸೇರುತ್ತದೆ. ಪರೀಕ್ಷೆ, ಚುನಾವಣೆ, ಮಂತ್ರಿಗಳ ಪ್ರವಾಸ ಎಲ್ಲಕ್ಕೂ ಪೊಲೀಸರೇ ಬೇಕು. ಇಂಥ ವಾರದಲ್ಲಿ ಒಬ್ಬ ಕೈದಿಯ ವಾಯಿದೆ ಪಟ್ಟಿಯ ಕೊನೆಗೆ ಬೀಳುವುದರಲ್ಲಿ ಆಶ್ಚರ್ಯವಿಲ್ಲ. ಜಾತ್ರೆಯಲ್ಲಿ ನೂಕುನುಗ್ಗಲಾದರೆ ಮರುದಿನವೇ ಪತ್ರಿಕೆಯಲ್ಲಿ ಬರುತ್ತದೆ, ತಪ್ಪಿದ ವಾಯಿದೆ ಬರುವುದಿಲ್ಲ.

ಬೆಂಗಾವಲು ಕಡಿಮೆ ಬಿದ್ದಾಗ ಸುಲಭವಾಗಿ ಸಿಗುತ್ತಿದ್ದ ಪರಿಹಾರ ಕೈಕೋಳ. ನಾಲ್ವರು ಕಾಯಬೇಕಾದಲ್ಲಿ ಇಬ್ಬರು ಸಾಕು! ದಾರಿಯಲ್ಲಿ ಕೈದಿಗಳಿಗೆ ಸರಾಸರಿಯಾಗಿ ಕೋಳ ತೊಡಿಸುವುದು ಸಂವಿಧಾನಕ್ಕೆ ವಿರುದ್ಧ ಎಂದು ಸುಪ್ರೀಂ ಕೋರ್ಟು 1980ರಲ್ಲಿ ಪ್ರೇಮಶಂಕರ ಶುಕ್ಲಾ ಪ್ರಕರಣದಲ್ಲಿ ಹೇಳಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಕೆಲವು ಬಗೆಯ ಅಪರಾಧಗಳಲ್ಲಿ ಕೋಳಕ್ಕೆ ಮತ್ತೆ ಅವಕಾಶ ಕೊಟ್ಟಿದೆ.

ಈ ಕೆಲಸವನ್ನು ಖಾಸಗಿ ಗುತ್ತಿಗೆದಾರರಿಗೆ ಕೊಟ್ಟು, ತಡವಾದರೆ ದಂಡ ಹಾಕಿದರೆ ಆಗದೇ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಇಂಗ್ಲೆಂಡ್ ಅದನ್ನೇ ಮಾಡಿ ನೋಡಿತು. 1991ರ ಕಾಯಿದೆಯೊಂದು ಅದಕ್ಕೆ ದಾರಿ ಮಾಡಿಕೊಟ್ಟಿತು. 1993ರಲ್ಲಿ ಗ್ರೂಪ್ 4 ಎಂಬ ಕಂಪನಿ ಮೊದಲ ಗುತ್ತಿಗೆ ಪಡೆಯಿತು. ಮೊದಲ ಕೆಲವು ವಾರಗಳಲ್ಲೇ ಹಲವು ಕೈದಿಗಳು ತಪ್ಪಿಸಿಕೊಂಡು ಕಂಪನಿ ನಗೆಪಾಟಲಿಗೆ ಗುರಿಯಾಯಿತು. ಗುತ್ತಿಗೆಯ ಗುಣವೆಂದರೆ ಅದರಲ್ಲಿ ಕರ್ತೃ ಸ್ಪಷ್ಟ: ಕೈದಿಯನ್ನು ತರಬೇಕಾದವನು ಇಂಥವನು, ಹೊತ್ತು ಇಷ್ಟು, ತಪ್ಪಿದರೆ ಹಣದಲ್ಲಿ ಕಡಿತ. ಆದರೆ 2013ರಲ್ಲಿ ಇನ್ನೊಂದು ಮುಖವೂ ಕಂಡಿತು. ಸೆರ್ಕೊ ಎಂಬ ಕಂಪನಿಯ ಕೆಲವು ಸಿಬ್ಬಂದಿ, ಕೈದಿಗಳು ಇನ್ನೂ ಸಿದ್ಧರಾಗಿಲ್ಲದಿದ್ದರೂ "ನ್ಯಾಯಾಲಯಕ್ಕೆ ಸಿದ್ಧ" ಎಂದು ದಾಖಲಿಸಿದರೆಂಬ ಆರೋಪ ಬಂತು. ಅಲ್ಲಿನ ಸರ್ಕಾರ ವಿಷಯವನ್ನು ಪೊಲೀಸರಿಗೆ ಒಪ್ಪಿಸಿತು. ಆ ಗುತ್ತಿಗೆಯಿಂದ ಬಂದ ಲಾಭವನ್ನು ಹಿಂದಿರುಗಿಸಲು ಕಂಪನಿ ಒಪ್ಪಿತು. ಮರುವರ್ಷ ಪೊಲೀಸರು ಯಾರ ಮೇಲೂ ಮೊಕದ್ದಮೆ ಹೂಡದೆ ತನಿಖೆ ಮುಗಿಸಿದರು. ದಂಡದ ಭಯ ಕೆಲಸವನ್ನು ಚುರುಕು ಮಾಡುವುದು ಹೌದು. ದಾಖಲೆಯನ್ನು ಬೇರೆಯವರು ಪರೀಕ್ಷಿಸದಿದ್ದರೆ ಅದೇ ಭಯ ದಾಖಲೆಯನ್ನೂ ಬದಲಿಸಬಹುದು. ನನ್ನ ಮಟ್ಟಿಗೆ ಹೇಳುವುದಾದರೆ, ಗುತ್ತಿಗೆಯಿಂದ ನಾವು ಕಲಿಯಬೇಕಾದದ್ದು ಖಾಸಗೀಕರಣವನ್ನಲ್ಲ. ತಡವಾದದ್ದು ಎಷ್ಟು, ಯಾರಿಂದ, ಏಕೆ ಎಂದು ಪ್ರತಿ ಸಲವೂ ಬರೆದಿಡುವ ಪದ್ಧತಿಯನ್ನು. ಬರೆಯುವವರು ಮಾತ್ರ ತರುವವರಾಗಿರಬಾರದು.

ನಮ್ಮಲ್ಲಿ ಇದು ಕಷ್ಟವಾಗಬೇಕಾಗಿಲ್ಲ. ಪೊಲೀಸು ಮತ್ತು ಕಾರಾಗೃಹ ಎರಡೂ ಸಂವಿಧಾನದ ಪ್ರಕಾರ ರಾಜ್ಯಪಟ್ಟಿಯ ವಿಷಯಗಳು, ಕರ್ನಾಟಕದಲ್ಲಿ ಎರಡೂ ಗೃಹ ಇಲಾಖೆಯ ಅಡಿಯಲ್ಲೇ ಇವೆ. "ಅವರು ಬರಲಿಲ್ಲ", "ಇವರು ಕೇಳಲಿಲ್ಲ" ಎಂಬ ವಾದ ಒಂದೇ ಮನೆಯ ಎರಡು ಕೋಣೆಗಳ ನಡುವಿನದು.

ದೂರದ ಸಮಸ್ಯೆಗೆ ಈಗ ಹೊಸ ಉಪಾಯ ಬಂದಿದೆ. 2009ರಲ್ಲಿ ಸಂಹಿತೆಗೆ ಮಾಡಿದ ತಿದ್ದುಪಡಿ, ಮೊದಲ ಬಾರಿ ಖುದ್ದಾಗಿ ಹಾಜರುಪಡಿಸಿದ ಮೇಲೆ ನ್ಯಾಯಾಂಗ ಬಂಧನದಲ್ಲಿರುವವರನ್ನು ವಿಡಿಯೊ ಸಂಪರ್ಕದ ಮೂಲಕ ತೋರಿಸಲು ಅವಕಾಶ ಕೊಟ್ಟಿತು. 2020ರ ಕೋವಿಡ್ ಕಾಲದಲ್ಲಿ ಇದು ಎಲ್ಲೆಡೆ ರೂಢಿಗೆ ಬಂತು. ಈಗಿನ ಸಂಹಿತೆಯೂ ಇದನ್ನು ಉಳಿಸಿಕೊಂಡಿದೆ; ಪೊಲೀಸ್ ವಶದಲ್ಲಿರುವವರನ್ನು ಮಾತ್ರ ಪ್ರತಿ ಸಲವೂ ಖುದ್ದಾಗಿಯೇ ತರಬೇಕು. ಜೈಲಿನ ಕೋಣೆಯೊಂದರಲ್ಲಿ ಕ್ಯಾಮೆರಾದ ಮುಂದೆ ನಿಂತರೆ ನೂರು ಕಿಲೋಮೀಟರ್ ದಾರಿ ಉಳಿಯಿತು. ಬೆಂಗಾವಲು ಬೇಡ, ವಾಹನ ಬೇಡ. ಆದರೆ ಜೈಲಿನವರು ಪಕ್ಕದಲ್ಲೇ ನಿಂತಿರುವಾಗ ಕೈದಿ ಜೈಲಿನವರ ಮೇಲೆ ದೂರು ಹೇಳುವನೇ? ವಾಯಿದೆಯ ದಿನ ನ್ಯಾಯಾಲಯದ ಅಂಗಳದಲ್ಲಿ ಮಗನನ್ನು ಒಂದು ಗಳಿಗೆ ನೋಡಿ ಹೋಗಲು ಹರಪನಹಳ್ಳಿಯ ಹಳ್ಳಿಯಿಂದ ಬರುತ್ತಿದ್ದ ತಾಯಿಗೆ ಆ ಪರದೆಯಲ್ಲಿ ಜಾಗ ಎಲ್ಲಿದೆ? ವಿಡಿಯೊ ಬೇಡವೆಂದು ನಾನು ಹೇಳುತ್ತಿಲ್ಲ. ಹೊಣೆಯ ಪ್ರಶ್ನೆ ಬಸ್ಸಿನಿಂದ ಕ್ಯಾಮೆರಾಕ್ಕೆ ಜಾಗ ಬದಲಿಸಿದೆ, ಅಷ್ಟೆ.

ಕೊನೆಯದಾಗಿ, ಹೊಸ ಸಂಹಿತೆಯ 479ನೆಯ ಕಲಮನ್ನು ನಿಮ್ಮ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳಿ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧಗಳನ್ನು ಬಿಟ್ಟು ಉಳಿದವುಗಳಲ್ಲಿ, ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲವನ್ನು ವಿಚಾರಣೆಯಲ್ಲೇ ಕಳೆದ ಕೈದಿಯನ್ನು ಜಾಮೀನಿನ ಮೇಲೆ ಬಿಡಬೇಕು ಎನ್ನುತ್ತದೆ ಅದು. ಹಿಂದೆ ಯಾವ ಅಪರಾಧದಲ್ಲೂ ದೋಷಿಯೆಂದು ತೀರ್ಮಾನವಾಗದವನಿಗೆ ಮೂರನೆಯ ಒಂದು ಭಾಗವೇ ಸಾಕು. ಇದಕ್ಕೆ ವಿನಾಯಿತಿಗಳೂ ಉಂಟು. ಹಲವು ಪ್ರಕರಣಗಳು ಬಾಕಿಯಿರುವವನಿಗೆ ಇದು ಸಿಗದು. ಆ ಅವಧಿ ಮುಗಿದ ಕೂಡಲೇ ನ್ಯಾಯಾಲಯಕ್ಕೆ ಲಿಖಿತ ಅರ್ಜಿ ಹಾಕಬೇಕಾದವರು ಯಾರೆಂಬುದನ್ನೂ ಕಲಮು ಹೇಳಿದೆ: ಕೈದಿಯಲ್ಲ, ಅವನ ಮನೆಯವರಲ್ಲ, ಜೈಲಿನ ಅಧೀಕ್ಷಕರು.